ಪಾಲಿಸಿ ಸಾವ್ಕಾರರದು, ಜೀವ ನಮ್ಮದು

ತಿಂಗಳ ಮೊದಲ ವಾರ ಕೈಗೆ ಬರುವ ಸಂಬಳದ ಚೀಟಿಯನ್ನು ನಾವೆಲ್ಲ ಓದುವ ಕ್ರಮ ಒಂದೇ. ಕಣ್ಣು ನೇರವಾಗಿ ತಳದ ಮೊತ್ತಕ್ಕೆ ಇಳಿಯುತ್ತದೆ. ಅದು ಕಳೆದ ತಿಂಗಳಷ್ಟೇ ಇದ್ದರೆ ಚೀಟಿ ಮಡಚಿ ಕಿಸೆಗೆ. ನಡುವೆ ‘ಕಡಿತ’ ಎಂಬ ಸಾಲಿನ ಕೆಳಗೆ ಪಿ.ಎಫ್., ಇ.ಎಸ್.ಐ., ಗ್ರೂಪ್ ಇನ್ಶೂರೆನ್ಸ್ ಎಂದು ಮುದ್ರಿಸಿರುವುದನ್ನು ಕಾರವಾರದ ಕೋಡಿಬಾಗದಲ್ಲೋ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲೋ ನಿಂತು ಯಾರೂ ವಿಚಾರಿಸುವುದಿಲ್ಲ. ಕೇಳಿದರೆ ಬರುವ ಉತ್ತರ: “ಎಂತದೋ ಇನ್ಶೂರೆನ್ಸಂತೆ, ಆಫೀಸಿನವರಿಗೆ ಗೊತ್ತು.”

ಆಫೀಸಿನವರಿಗೆ ಗೊತ್ತು ಎಂಬುದು ಅರ್ಧ ನಿಜ. ಗುಂಪು ವಿಮೆಯ ಸ್ವಭಾವವೇ ಹಾಗಿದೆ. ಇದು ಇಬ್ಬರ ನಡುವಿನ ಒಪ್ಪಂದ, ಮತ್ತು ಆ ಇಬ್ಬರಲ್ಲಿ ನೀವು ಇಲ್ಲ. ಒಂದು ಕಡೆ ವಿಮಾ ಕಂಪನಿ, ಇನ್ನೊಂದು ಕಡೆ ನಿಮಗೆ ಸಂಬಳ ಕೊಡುವ ಸಂಸ್ಥೆ. ಮೂಲ ಪಾಲಿಸಿ ಎಂಬ ದಪ್ಪ ದಸ್ತಾವೇಜು ಸಾವ್ಕಾರರ ಕಪಾಟಿನಲ್ಲಿರುತ್ತದೆ. ನೀವು ಅದರ ಬೆನ್ನಿಗೆ ಲಗತ್ತಾದ ಪಟ್ಟಿಯಲ್ಲಿ ಒಂದು ಹೆಸರು, ಒಂದು ಜನ್ಮದಿನಾಂಕ. ನಾವು ಎಲ್.ಐ.ಸಿ. ಏಜೆಂಟರ ಮೂಲಕ ತೆಗೆದುಕೊಂಡು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟ ಪಾಲಿಸಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅದು ಮನೆಯಲ್ಲಿದೆ, ಇದು ಆಫೀಸಿನಲ್ಲಿದೆ. ಮನುಷ್ಯ ತೀರಿಕೊಂಡಾಗ ಅಥವಾ ಆಸ್ಪತ್ರೆಯಲ್ಲಿ ಮಲಗಿದಾಗ ಮನೆಯವರು ಹುಡುಕುವುದು ಮನೆಯ ಬೀರುವನ್ನು.

ಅಗ್ಗ ಎಂಬುದೇ ಗುಂಪು ವಿಮೆಯ ಗುಣ. ಒಬ್ಬೊಬ್ಬರನ್ನೇ ಕೂರಿಸಿ ರಕ್ತ ಪರೀಕ್ಷಿಸಿ, ಎದೆಗೆ ತಂತಿ ಹಚ್ಚಿ, ನಿಮ್ಮ ತಂದೆ ಯಾವ ಕಾಯಿಲೆಯಿಂದ ಹೋದರು ಎಂದು ಕೇಳಿ ಪಾಲಿಸಿ ಕೊಡುವುದಕ್ಕೆ ಕಂಪನಿಗೆ ಖರ್ಚು ಬೀಳುತ್ತದೆ. ನೂರು ಜನ ಒಂದೇ ಕಡೆ ದುಡಿಯುತ್ತಾರೆ, ದಿನವೂ ಕೆಲಸಕ್ಕೆ ಬರುತ್ತಾರೆ ಎಂದರೆ ಅವರಲ್ಲಿ ಹೆಚ್ಚಿನವರು ಆರೋಗ್ಯವಂತರು ಎಂದೇ ಲೆಕ್ಕ. ಆದ್ದರಿಂದ ಒಂದು ಮಿತಿಯವರೆಗೆ ವೈದ್ಯಕೀಯ ತಪಾಸಣೆ ಇಲ್ಲದೆಯೇ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವನಿಗೂ ಕಟ್ಟುಮಸ್ತಾದ ಹುಡುಗನಿಗೂ ಒಂದೇ ಬಾಗಿಲು. ಅಮೆರಿಕದ ಇಕ್ವಿಟೆಬಲ್ ಎಂಬ ವಿಮಾ ಕಂಪನಿ 1911ರಲ್ಲಿ ಒಂದು ಚರ್ಮದ ಕಾರ್ಖಾನೆಯ ಕೆಲಸಗಾರರಿಗೆಲ್ಲ ಹೀಗೆ ಒಂದೇ ಪಾಲಿಸಿ ಬರೆದುಕೊಟ್ಟದ್ದು ಆಧುನಿಕ ಗುಂಪು ವಿಮೆಯ ಆರಂಭ ಎನ್ನುತ್ತಾರೆ. ಆದರೆ ದುಡಿಸಿಕೊಳ್ಳುವವನೇ ದುಡಿಯುವವನ ಸಂಸಾರಕ್ಕೆ ವಿಮೆ ಮಾಡಿಸಬೇಕು ಎಂಬ ವಿಚಾರ ನಮ್ಮಲ್ಲಿ ಅದಕ್ಕೂ ಹಳೆಯದು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿಯೇ, ಮೈಸೂರು ಸರ್ಕಾರ ತನ್ನ ನೌಕರರಿಗೆ ವಿಮಾ ಯೋಜನೆ ತಂದಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಕಾರವಾರದವರು ಆಗ ಮುಂಬಯಿ ಪ್ರಾಂತದಲ್ಲಿದ್ದರು. 1956ರ ಏಕೀಕರಣದ ನಂತರ, 1958ರ ಕಡ್ಡಾಯ ಜೀವ ವಿಮಾ ನಿಯಮಗಳ ಮೂಲಕ ಈ ವ್ಯವಸ್ಥೆ ನಮ್ಮ ಕಡೆಯ ಸರ್ಕಾರಿ ನೌಕರರಿಗೂ ಬಂತು. ಅದರ ಜತೆಗೆ 1982ರ ಜನವರಿ 1ರಿಂದ ರಾಜ್ಯ ನೌಕರರ ಗುಂಪು ವಿಮಾ ಯೋಜನೆ. ಕೇಂದ್ರ ಸರ್ಕಾರಿ ನೌಕರರಿಗೂ ಅದೇ ದಿನದಿಂದ ಅವರದೇ ಯೋಜನೆ. ಕೇಂದ್ರದ ಯೋಜನೆಯಲ್ಲಿ ಕಂತಿನ ಶೇಕಡಾ 30 ಭಾಗ ವಿಮೆಗೆ, 70 ಭಾಗ ಉಳಿತಾಯಕ್ಕೆ.

ಅಂಕೋಲೆಯಲ್ಲಿ ಮನೆಗೊಬ್ಬ ಮಾಸ್ತರರೋ ಅಕ್ಕೋರೋ ಇದ್ದಾರೆ ಎಂಬ ಮಾತಿದೆಯಲ್ಲ, ಆ ಮನೆಗಳಲ್ಲಿ ‘ಕೆ.ಜಿ.ಐ.ಡಿ.’ ಎಂಬ ಶಬ್ದ ಚಿಕ್ಕ ಮಕ್ಕಳಿಗೂ ಗೊತ್ತು. ಬಾಂಡು ಎಷ್ಟಿದೆ, ಸಾಲ ಎಷ್ಟು ತೆಗೆಯಬಹುದು ಎಂಬುದೆಲ್ಲ ಊಟದ ಹೊತ್ತಿನ ಮಾತು. ತೊಂದರೆ ಇರುವುದು ಆಚೆ ಮನೆಯಲ್ಲಿ. ಹೆದ್ದಾರಿಯ ಹೋಟೆಲಿನಲ್ಲಿ, ರಿಸಾರ್ಟಿನಲ್ಲಿ, ಖಾಸಗಿ ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಗುತ್ತಿಗೆದಾರರ ಕೈಕೆಳಗೆ ದುಡಿಯುವವರ ಮನೆಯಲ್ಲಿ.

ಕೈಗಾ ಅಣು ವಿದ್ಯುತ್ ಕೇಂದ್ರ ಮತ್ತು ಅರ್ಗಾದ ನೌಕಾನೆಲೆ ನಮ್ಮ ಕಡೆಯ ಎರಡು ದೊಡ್ಡ ದುಡಿಮೆಯ ಜಾಗಗಳು. ಕೈಗಾದ ಖಾಯಂ ನೌಕರರಿಗೆ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಆಸ್ಪತ್ರೆಯಿದೆ, ಇಲಾಖೆಯದೇ ಆದ ಆರೋಗ್ಯ ಯೋಜನೆಯಿದೆ. ನೌಕಾಪಡೆಯವರಿಗೆ ಅವರ ಆಸ್ಪತ್ರೆಯಿದೆ. ಅದೇ ಗೇಟಿನಲ್ಲಿ ಬೆಳಿಗ್ಗೆ ಪಾಸು ತೋರಿಸಿ ಒಳಗೆ ಹೋಗುವ ಗುತ್ತಿಗೆಯ ಬೆಸುಗೆಗಾರ, ಗಾರೆಯವನು, ತೋಟದ ಕೆಲಸದವಳು — ಇವರ ವಿಮೆ ಎಲ್ಲಿದೆ? ಅವರ ಸಾವ್ಕಾರ ಎಂದರೆ ಗುತ್ತಿಗೆದಾರ. ಗುತ್ತಿಗೆ ಎರಡು ವರ್ಷಕ್ಕೊಮ್ಮೆ ಬದಲಾಗಬಹುದು. ಮುಖಗಳು ಅವೇ, ಕೆಲಸ ಅದೇ, ಸಂಬಳದ ಚೀಟಿಯ ಮೇಲಿನ ಹೆಸರು ಮಾತ್ರ ಹೊಸದು. ಕಾನೂನು ಇದನ್ನು ಊಹಿಸಿಯೇ ಒಂದು ಮಾತು ಸೇರಿಸಿದೆ. ಗುತ್ತಿಗೆದಾರ ಪಿ.ಎಫ್., ಇ.ಎಸ್.ಐ. ಹಣ ಕಟ್ಟದಿದ್ದರೆ ಹೊಣೆ ಮೂಲ ಸಂಸ್ಥೆಯ ಮೇಲೆ ಬರುತ್ತದೆ. ಅದು ಕಟ್ಟಿ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು.

ಪಿ.ಎಫ್. ಎಂದೆನಲ್ಲ, ಇಲ್ಲೊಂದು ವಿಮೆ ಅಡಗಿ ಕೂತಿದೆ. ನನ್ನ ಅಂದಾಜಿನಲ್ಲಿ ನಮ್ಮ ಕಡೆ ಅತಿ ಹೆಚ್ಚು ಜನರಿಗೆ ಇರುವ ಮತ್ತು ಅತಿ ಕಡಿಮೆ ಜನರಿಗೆ ಗೊತ್ತಿರುವ ವಿಮೆ ಇದೇ. 1976ರಲ್ಲಿ ಬಂದ ‘ಠೇವಣಿ ಆಧಾರಿತ ವಿಮಾ ಯೋಜನೆ’. ಇಂಗ್ಲಿಷಿನ ನಾಲ್ಕಕ್ಷರದಲ್ಲಿ ಇ.ಡಿ.ಎಲ್.ಐ. ಎನ್ನುತ್ತಾರೆ. ಪಿ.ಎಫ್. ಇರುವ ಪ್ರತಿಯೊಬ್ಬನಿಗೂ ಇದು ತಾನಾಗಿಯೇ ಇರುತ್ತದೆ. ಇದಕ್ಕಾಗಿ ನೌಕರನ ಸಂಬಳದಿಂದ ಒಂದು ಪೈಸೆಯೂ ಮುರಿಯುವಂತಿಲ್ಲ. ಮಾಲೀಕರೇ ಸಂಬಳದ ಅರ್ಧ ಶೇಕಡಾದಷ್ಟು ಕಟ್ಟಬೇಕು. ಅದೂ ಹದಿನೈದು ಸಾವಿರದ ಮಿತಿಯೊಳಗೆ. ಅಂದರೆ ತಿಂಗಳಿಗೆ ಹೆಚ್ಚೆಂದರೆ 75 ರೂಪಾಯಿ. ನೌಕರಿಯಲ್ಲಿರುವಾಗ ಸಾವು ಸಂಭವಿಸಿದರೆ, ಅದು ಕೆಲಸದ ಜಾಗದಲ್ಲೇ ಆಗಿರಲಿ, ಮನೆಯಲ್ಲಿ ಜ್ವರ ಬಂದೇ ಆಗಿರಲಿ, ಕುಟುಂಬಕ್ಕೆ ಹಣ ಸಲ್ಲುತ್ತದೆ.

ಎಷ್ಟು? ಲೆಕ್ಕ ಕಷ್ಟದ್ದಲ್ಲ. ಕಡೆಯ ಹನ್ನೆರಡು ತಿಂಗಳ ಸರಾಸರಿ ಸಂಬಳದ 35 ಪಟ್ಟು, ಅದರ ಮೇಲೆ ಪಿ.ಎಫ್. ಖಾತೆಯಲ್ಲಿದ್ದ ಸರಾಸರಿ ಹಣದ ಅರ್ಧ. ಈ ಅರ್ಧಕ್ಕೆ 1 ಲಕ್ಷ 75 ಸಾವಿರದ ಮಿತಿಯಿದೆ. ಬಿಣಗಾದಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಒಬ್ಬನ ಸಂಬಳ 12,000, ಖಾತೆಯಲ್ಲಿ 60,000 ಇತ್ತು ಎಂದಿಟ್ಟುಕೊಳ್ಳಿ. ಹನ್ನೆರಡು ಸಾವಿರದ 35 ಪಟ್ಟು ಎಂದರೆ 4 ಲಕ್ಷ 20 ಸಾವಿರ; ಅದಕ್ಕೆ 30 ಸಾವಿರ ಸೇರಿಸಿದರೆ ನಾಲ್ಕೂವರೆ ಲಕ್ಷ. ಸಂಬಳ ಹದಿನೈದು ಸಾವಿರವೋ ಅದಕ್ಕೂ ಮೇಲೋ ಇದ್ದು, ಖಾತೆಯಲ್ಲಿ ಮೂರೂವರೆ ಲಕ್ಷ ಜಮೆಯಾಗಿದ್ದರೆ ಪೂರ್ತಿ 7 ಲಕ್ಷ. ಇದು 2021ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ. ಹನ್ನೆರಡು ತಿಂಗಳು ಸತತ ನೌಕರಿ ಮಾಡಿದ್ದವನ ಕುಟುಂಬಕ್ಕೆ ಎರಡೂವರೆ ಲಕ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ. ಈ ಹನ್ನೆರಡು ತಿಂಗಳಲ್ಲಿ ಗುತ್ತಿಗೆದಾರ ಬದಲಾಗಿದ್ದರೂ ಅಡ್ಡಿಯಿಲ್ಲ, ನೌಕರಿ ಮುರಿಯದೆ ಮುಂದುವರಿದಿದ್ದರೆ ಸಾಕು.

ನಾಲ್ಕೂವರೆ ಲಕ್ಷ ಎಂದರೆ ಅವರ್ಸಾದಲ್ಲೋ ಬೆಳಂಬಾರದಲ್ಲೋ ಎರಡು ಚಿಕ್ಕ ಮಕ್ಕಳನ್ನು ಇಟ್ಟುಕೊಂಡ ಹೆಣ್ಣುಮಗಳಿಗೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆಕೆ ಮಾಡುವುದೇನು? ಹದಿಮೂರನೆಯ ದಿನ ಕಳೆದ ಮೇಲೆ ಭಾವನನ್ನೋ ತಮ್ಮನನ್ನೋ ಕರೆದುಕೊಂಡು ಆಫೀಸಿಗೆ ಹೋಗುತ್ತಾಳೆ. ಆಫೀಸಿನಲ್ಲಿ ಪಿ.ಎಫ್. ಫಾರ್ಮ್ ತುಂಬಿಸುತ್ತಾರೆ. ಖಾತೆಯಲ್ಲಿದ್ದ ಅರವತ್ತು ಸಾವಿರ ಬರುತ್ತದೆ. ಪಿ.ಎಫ್. ಹಣ ಬಂತು ಎಂದು ಎಲ್ಲರೂ ನೆಮ್ಮದಿಯಿಂದ ಸುಮ್ಮನಾಗುತ್ತಾರೆ. ವಿಮೆಯ ಹಣಕ್ಕೆ ‘5 ಐ.ಎಫ್.’ ಎಂಬ ನಮೂನೆಯಿದೆ, ವಿಧವೆಗೂ ಮಕ್ಕಳಿಗೂ ಪಿಂಚಣಿಯ ಅರ್ಜಿ ಬೇರೆ ಇದೆ ಎಂದು ಹೇಳುವ ಒಬ್ಬ ಸಜ್ಜನ ಗುಮಾಸ್ತ ಆ ಕುರ್ಚಿಯಲ್ಲಿ ಇದ್ದರೆ ಆಕೆಯ ಪುಣ್ಯ. ಸರ್ಕಾರದ ಒಂದು ಹಕ್ಕು ಹೀಗೆ ಗುಮಾಸ್ತನ ಒಳ್ಳೆಯತನವನ್ನು ನೆಚ್ಚಿಕೊಂಡಿರುವುದು ನನಗಂತೂ ಸರಿ ಕಾಣುವುದಿಲ್ಲ. ಓದುಗರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಪಿ.ಎಫ್. ಖಾತೆಗೆ ನಾಮಿನಿಯ ಹೆಸರು ದಾಖಲಾಗಿದೆಯೇ ನೋಡಿ. ಮದುವೆಗೆ ಮೊದಲು ಅಮ್ಮನ ಹೆಸರು ಬರೆದು, ಆಮೇಲೆ ಮರೆತವರು ಬೇಕಾದಷ್ಟಿದ್ದಾರೆ.

ಕೆಲವು ಸಂಸ್ಥೆಗಳು ಈ ಯೋಜನೆಯಿಂದ ವಿನಾಯಿತಿ ಪಡೆದು, ಇದಕ್ಕಿಂತ ಹೆಚ್ಚಿನ ಸೌಲಭ್ಯದ ಬೇರೆ ಗುಂಪು ವಿಮೆ ಮಾಡಿಸಿರುತ್ತವೆ. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಹೊಸದು ಹಳೆಯದಕ್ಕಿಂತ ಮೇಲಾಗಿರಬೇಕು ಎಂಬುದೇ ಷರತ್ತು. ಅಂಥಲ್ಲಿ ಹಣ ಬರುವುದು ಪಿ.ಎಫ್. ಕಚೇರಿಯಿಂದಲ್ಲ, ವಿಮಾ ಕಂಪನಿಯಿಂದ. ಯಾವ ಬಾಗಿಲು ಬಡಿಯಬೇಕು ಎಂದು ಬದುಕಿರುವಾಗಲೇ ಕೇಳಿಟ್ಟುಕೊಳ್ಳುವುದು ಲೇಸು.

ಇನ್ನು, ಸಂಬಳದಿಂದ ಹಣ ಮುರಿದುಕೊಂಡು ಸಾವ್ಕಾರರು ಕಂಪನಿಗೆ ಕಳಿಸದೇ ಹೋದರೆ? ಇದು ಸುಮ್ಮನೆ ಹುಟ್ಟಿದ ಅನುಮಾನವಲ್ಲ. ದೆಹಲಿಯ ವಿದ್ಯುತ್ ಸರಬರಾಜು ಸಂಸ್ಥೆಯ ನೌಕರರೊಬ್ಬರು ಎಲ್.ಐ.ಸಿ.ಯ ಸಂಬಳ ಉಳಿತಾಯ ಯೋಜನೆಯಲ್ಲಿ ಪಾಲಿಸಿ ಮಾಡಿಸಿದ್ದರು. ಸಂಬಳದಿಂದ ಕಂತು ಮುರಿದು ಎಲ್.ಐ.ಸಿ.ಗೆ ತಲುಪಿಸಬೇಕಾದದ್ದು ಸಂಸ್ಥೆ. ಅದು ತಲುಪಿಸಲಿಲ್ಲ. ಅವರು ತೀರಿಕೊಂಡ ಮೇಲೆ ಪತ್ನಿ ಹಣ ಕೇಳಿದಾಗ ಪಾಲಿಸಿ ರದ್ದಾಗಿದೆ ಎಂಬ ಉತ್ತರ ಬಂತು. ಬಸಂತಿ ದೇವಿ ಪ್ರಕರಣವೆಂದೇ ಹೆಸರಾದ ಈ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪು ಕೊಟ್ಟಿತು. ಕಂತು ಸಂಗ್ರಹಿಸುವ ಕೆಲಸವನ್ನು ಎಲ್.ಐ.ಸಿ. ತನ್ನ ಅನುಕೂಲಕ್ಕಾಗಿ ಸಂಸ್ಥೆಗೆ ವಹಿಸಿತ್ತು. ಆದ್ದರಿಂದ ಆ ಮಟ್ಟಿಗೆ ಸಂಸ್ಥೆ ಎಲ್.ಐ.ಸಿ.ಯ ಪ್ರತಿನಿಧಿ, ಪ್ರತಿನಿಧಿಯ ತಪ್ಪಿಗೆ ಎಲ್.ಐ.ಸಿ.ಯೇ ಹಣ ಕೊಡಬೇಕು ಎಂಬುದು ತೀರ್ಪಿನ ತಿರುಳು. 2005ರಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ಮಾತನ್ನು ಮತ್ತೆ ಎತ್ತಿಹಿಡಿಯಿತು. ಸಂಬಳ ಉಳಿತಾಯ ಯೋಜನೆಯ ಪಾಲಿಸಿ ಒಬ್ಬೊಬ್ಬರ ಹೆಸರಿನಲ್ಲಿರುತ್ತದೆ, ಅದು ಅಪ್ಪಟ ಗುಂಪು ವಿಮೆಯಲ್ಲ. ಆದರೂ ಸಂಬಳದ ಚೀಟಿಯಲ್ಲಿ ಕಂತು ಮುರಿದದ್ದಕ್ಕೆ ದಾಖಲೆ ಇದ್ದರೆ ದುಡಿಯುವವನ ಕೈ ಎಷ್ಟು ಬಲವಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಆ ಚೀಟಿಯಲ್ಲಿ ಶೇಂಗಾ ಕಟ್ಟಿಕೊಳ್ಳಬೇಡಿ.

ಇಷ್ಟು ಸಾವಿನ ಮಾತಾಯಿತು. ಇನ್ನು ಆಸ್ಪತ್ರೆಯ ಮಾತು.

ತಿಂಗಳಿಗೆ 21,000ದವರೆಗೆ ಸಂಬಳವಿದ್ದು, ಇ.ಎಸ್.ಐ. ಅನ್ವಯಿಸುವ ಸಂಸ್ಥೆಯಲ್ಲಿ ದುಡಿಯುತ್ತಿದ್ದರೆ ಮಾಲೀಕರಿಂದ ಶೇಕಡಾ 3.25, ನಿಮ್ಮಿಂದ 0.75 — ಇದು 2019ರ ಜುಲೈಯಿಂದ ಬಂದ ದರ. ಕೊಡುವ ಹಣಕ್ಕೆ ಹೋಲಿಸಿದರೆ ಸಿಗುವುದು ದೊಡ್ಡದು, ಕುಟುಂಬದ ಚಿಕಿತ್ಸೆಗೆ ಇಂತಿಷ್ಟೇ ಎಂಬ ವಿಮಾ ಮೊತ್ತದ ಗೆರೆಯಿಲ್ಲ. ಆದರೆ ನಮ್ಮ ಜಿಲ್ಲೆಯ ಇ.ಎಸ್.ಐ. ಆಸ್ಪತ್ರೆ ಇರುವುದು ದಾಂಡೇಲಿಯಲ್ಲಿ. ಅಂಕೋಲೆಯವನು ಘಟ್ಟ ಹತ್ತಬೇಕು.

ಸಂಬಳ ಈ ಗೆರೆ ದಾಟಿದವರಿಗೆ ಹೆಚ್ಚಿನ ಕಡೆ ಮಾಲೀಕರು ಗುಂಪು ಆರೋಗ್ಯ ವಿಮೆ ಮಾಡಿಸುತ್ತಾರೆ. ಎರಡು ಲಕ್ಷ, ಮೂರು ಲಕ್ಷ. ಗಂಡ, ಹೆಂಡತಿ, ಎರಡು ಮಕ್ಕಳು. ಕೆಲವು ಕಡೆ ತಂದೆ-ತಾಯಿ. ಒಂಟಿಯಾಗಿ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಗುಂಪಿನಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ. ಇದು ಸಣ್ಣ ಉಪಕಾರವಲ್ಲ. ಆದರೆ ಈ ಕಾರ್ಡು ಹಿಡಿದು ಹೋಗುವುದೆಲ್ಲಿಗೆ? ಕಾರವಾರದಲ್ಲಿ 2013ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ ಎಂಬುದು ನಿಜ. ಆದರೂ ಹೃದಯದ್ದೋ ಮಿದುಳಿನದ್ದೋ ತೊಂದರೆ ಬಂದರೆ ನಮ್ಮವರು ಹೊರಡುವುದು ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ, ಇಲ್ಲವೇ ಗೋವಾದ ಬಾಂಬೋಳಿಗೆ. ಬಾಂಬೋಳಿಯ ಸರ್ಕಾರಿ ಆಸ್ಪತ್ರೆ 2018ರಲ್ಲಿ ಹೊರರಾಜ್ಯದವರಿಗೆ ಶುಲ್ಕ ವಿಧಿಸತೊಡಗಿದ ಮೇಲೆ ಕಾರವಾರದವರಿಗೆ ಇದ್ದ ಒಂದು ಹಳೆಯ ದಾರಿಯೂ ದುಬಾರಿಯಾಯಿತು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಓದುಗರಿಗೆ ನೆನಪಿರಬಹುದು.

ಆದ್ದರಿಂದ ನಮ್ಮ ಊರಿನವರು ಗುಂಪು ವಿಮೆಯ ಕಾರ್ಡು ಸಿಕ್ಕ ದಿನ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ಆಸ್ಪತ್ರೆಗಳ ಪಟ್ಟಿಯನ್ನು. ಬೆಂಗಳೂರಿನ ಪ್ರಧಾನ ಕಚೇರಿಯವರು ಮಾಡಿಸಿದ ಪಾಲಿಸಿಯಲ್ಲಿ ಬೆಂಗಳೂರಿನ ಆಸ್ಪತ್ರೆಗಳು ಸಾಲುಗಟ್ಟಿ ನಿಂತಿರುತ್ತವೆ. ಕುಮಟಾದಿಂದ ಉಡುಪಿಯವರೆಗೆ ಒಂದೋ ಎರಡೋ. ಪಟ್ಟಿಯಲ್ಲಿಲ್ಲದ ಕಡೆ ದಾಖಲಾದರೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು. ರಾತ್ರಿ ಹನ್ನೊಂದಕ್ಕೆ ಆಂಬ್ಯುಲೆನ್ಸಿನಲ್ಲಿ ಕೂತು ಈ ಪಟ್ಟಿ ಓದಲು ಯಾರಿಗೂ ಆಗುವುದಿಲ್ಲ.

ಎರಡನೆಯದು ಕೋಣೆಯ ಬಾಡಿಗೆ. ಇದರ ಪೆಟ್ಟು ತಿಂದವರಿಗೇ ಗೊತ್ತು. ಮೂರು ಲಕ್ಷದ ಪಾಲಿಸಿಯಲ್ಲಿ ದಿನದ ಕೋಣೆ ಬಾಡಿಗೆ ವಿಮಾ ಮೊತ್ತದ ಶೇಕಡಾ ಒಂದು ಎಂದಿದ್ದರೆ ನಿಮಗೆ 3,000ದ ಕೋಣೆ ಸಲ್ಲುತ್ತದೆ. “ಇರಲಿ, ಮೇಲಿನ ಮೂರು ಸಾವಿರ ನಾವೇ ಕೊಡೋಣ” ಎಂದು 6,000ದ ಕೋಣೆ ಹಿಡಿಯುತ್ತೀರಿ. ಕಂಪನಿ ಕಡಿಯುವುದು ಕೋಣೆಯ ಬಾಡಿಗೆಯನ್ನು ಮಾತ್ರವಲ್ಲ. ನೀವು ಸಲ್ಲುವುದಕ್ಕಿಂತ ಎರಡು ಪಟ್ಟಿನ ಕೋಣೆಯಲ್ಲಿದ್ದಿರಿ. ಆಸ್ಪತ್ರೆಯವರು ಕೋಣೆಯ ದರ್ಜೆಗೆ ತಕ್ಕಂತೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕವನ್ನೂ ಏರಿಸಿರುತ್ತಾರೆ. ಆದ್ದರಿಂದ ಅವನ್ನೂ ಅರ್ಧಕ್ಕೆ ಇಳಿಸುತ್ತೇವೆ ಎನ್ನುತ್ತದೆ. ಔಷಧಿಯಂಥ ಕೆಲವನ್ನು ಈ ಕಡಿತದಿಂದ ಹೊರಗಿಟ್ಟಿದ್ದಾರೆ. ಆದರೂ ಎರಡು ಲಕ್ಷದ ಬಿಲ್ಲಿನಲ್ಲಿ ಮುಕ್ಕಾಲು ಲಕ್ಷ ಮೈಮೇಲೆ ಬಿದ್ದರೆ ಆಶ್ಚರ್ಯವಿಲ್ಲ. ಪಾಲಿಸಿಯಲ್ಲಿ ಈ ಷರತ್ತು ಇದೆಯೇ ಎಂದು ಆಫೀಸಿನಲ್ಲಿ ಕೇಳುವುದಕ್ಕೆ ಐದು ನಿಮಿಷ ಸಾಕು.

ಸಣ್ಣ ಊರಿನ ಸಣ್ಣ ಸಂಸ್ಥೆಗಳಿಗೆ ಇನ್ನೊಂದು ಕಷ್ಟ. ಮೂವತ್ತು ಜನರಿರುವ ಒಂದು ಕಚೇರಿ, ತಲೆಗೆ 4,000ದಂತೆ ವರ್ಷಕ್ಕೆ 1 ಲಕ್ಷ 20 ಸಾವಿರ ಕಟ್ಟಿತು ಎನ್ನಿ. ಒಬ್ಬರ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡೂವರೆ ಲಕ್ಷ ಹೋಯಿತು. ಕಟ್ಟಿದ್ದರ ಎರಡು ಪಟ್ಟಿಗಿಂತ ಹೆಚ್ಚು ಒಂದೇ ಕ್ಲೇಮಿನಲ್ಲಿ! ಗುಂಪು ವಿಮೆ ವರ್ಷದಿಂದ ವರ್ಷಕ್ಕೆ ಹೊಸದಾಗಿ ಕುದುರುವ ವ್ಯಾಪಾರ. ಮುಂದಿನ ವರ್ಷ ಕಂಪನಿ ಕಂತು ಏರಿಸುತ್ತದೆ. ಮಾಲೀಕರು ಅಷ್ಟು ಕೊಡಲಾರದೆ ತಂದೆ-ತಾಯಿಯರನ್ನು ಪಟ್ಟಿಯಿಂದ ತೆಗೆಯುತ್ತಾರೆ, ಇಲ್ಲವೇ ಪ್ರತಿ ಬಿಲ್ಲಿನ ಇಪ್ಪತ್ತು ಶೇಕಡಾ ನೌಕರನೇ ಹೊರಬೇಕೆಂಬ ಷರತ್ತಿಗೆ ಒಪ್ಪುತ್ತಾರೆ. ನಿಮಗೆ ಯಾರೂ ತಿಳಿಸಿರುವುದಿಲ್ಲ. ಕಾರ್ಡು ಅದೇ, ಬಣ್ಣ ಅದೇ. ಆದ್ದರಿಂದ ಹೋದ ವರ್ಷ ಇತ್ತು ಎಂಬುದು ಈ ವರ್ಷವೂ ಇದೆ ಎಂಬುದಕ್ಕೆ ಆಧಾರವಲ್ಲ. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ಜಿ.ಎಸ್.ಟಿ. ತೆಗೆದರು, ಗುಂಪು ಪಾಲಿಸಿಗೆ ಶೇಕಡಾ 18 ಹಾಗೆಯೇ ಉಳಿಸಿದರು. ಮೂವತ್ತು ಜನರ ಕಚೇರಿಗೆ ಇದು ಭಾರವೇ.

ಹೆಸರಿನ ವಿಚಾರ ಹೇಳದಿದ್ದರೆ ಅಂಕೋಲೆಯ ಲೇಖನ ಪೂರ್ತಿಯಾಗದು. ಇಲ್ಲಿ ನಾಯಕ ಬೇರೆ, ನಾಯ್ಕ ಬೇರೆ. ಊರಿನವರಿಗೆ ಕಣ್ಣು ಮುಚ್ಚಿ ಗೊತ್ತಾಗುತ್ತದೆ. ಮುಂಬಯಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಪಟ್ಟಿ ಬೆರಳಚ್ಚು ಮಾಡುವವನಿಗೆ ಎರಡೂ ಒಂದೇ. ಗೌಡರಲ್ಲಿ ಒಂದೇ ಹೆಸರಿನವರು ಒಂದೇ ಕೊಪ್ಪದಲ್ಲಿ ನಾಲ್ವರು ಸಿಗುತ್ತಾರೆ. ಹರಿಕಂತ್ರ ಎಂಬುದನ್ನು ಬರೆಯುವ ಬಗೆ ಎಷ್ಟೋ. ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು, ವಿಮೆಯ ಪಟ್ಟಿಯಲ್ಲಿ ಮತ್ತೊಂದು ಇದ್ದರೆ ಕ್ಲೇಮು ಅಲ್ಲೇ ನಿಲ್ಲುತ್ತದೆ. ಗುಂಪಿನ ಪ್ರತಿ ಸದಸ್ಯನಿಗೂ ವಿಮಾ ಪ್ರಮಾಣಪತ್ರ ಎಂಬ ಒಂದು ಹಾಳೆ ಇರುತ್ತದೆ. ಅದನ್ನು ಕೇಳಿ ಪಡೆದು, ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ, ಒಂದು ಪ್ರತಿಯನ್ನು ಮನೆಯಾಕೆಯ ಕೈಗೆ ಕೊಡಿ. ಮಗು ಹುಟ್ಟಿದಾಗ, ಮದುವೆಯಾದಾಗ ಪಟ್ಟಿಗೆ ಹೆಸರು ಸೇರಿಸಲು ದಿನಗಳ ಗಡುವು ಇರುತ್ತದೆ ಎಂಬುದೂ ನೆನಪಿರಲಿ.

ನೌಕರಿ ಬಿಟ್ಟ ದಿನ ಈ ರಕ್ಷಣೆಯೂ ಬಿಟ್ಟುಹೋಗುತ್ತದೆ. ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿ 2010ರಲ್ಲಿ ಬೇಲೆಕೇರಿ ಬಂದರು ತಣ್ಣಗಾದಾಗ ಅದನ್ನು ನಂಬಿದ ದುಡಿಮೆಗಳು ಹೇಗೆ ದಿಢೀರನೆ ನಿಂತವು ಎಂಬುದನ್ನು ಅಂಕೋಲೆಯವರು ಕಂಡಿದ್ದಾರೆ. ಐವತ್ತೈದು ವಯಸ್ಸಿಗೆ ಕೆಲಸ ಹೋದವನು ಹೊಸದಾಗಿ ಆರೋಗ್ಯ ವಿಮೆ ಕೊಳ್ಳಲು ಹೊರಟರೆ ಇದ್ದ ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. 2024ರಿಂದ ಆ ಗರಿಷ್ಠ ಮಿತಿ 36 ತಿಂಗಳು. ಇದಕ್ಕೆ ನಿಯಮದಲ್ಲೇ ಒಂದು ದಾರಿಯಿದೆ, ಹೆಚ್ಚಿನವರು ಬಳಸುವುದಿಲ್ಲ. ಗುಂಪು ಆರೋಗ್ಯ ಪಾಲಿಸಿಯಲ್ಲಿದ್ದವರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು. ಗುಂಪಿನಲ್ಲಿ ಕಳೆದ ಕಾಲವನ್ನು ಕಾಯುವ ಅವಧಿಯಿಂದ ವಜಾ ಮಾಡಿಕೊಳ್ಳಬೇಕು. ಅರ್ಜಿಯನ್ನು ನೌಕರಿ ಬಿಡುವ ಮೊದಲೇ ಕೊಡಬೇಕು. ಬೀಳ್ಕೊಡುಗೆಯ ಹಾರ ಒಣಗಿದ ಮೇಲೆ ಕೊಟ್ಟರೆ ನಡೆಯುವುದಿಲ್ಲ.

ಇದೆಲ್ಲಕ್ಕೂ ಕಣ್ಣಿಡುವವರು ಯಾರು? 1999ರ ಕಾಯ್ದೆಯಿಂದ ಹುಟ್ಟಿದ ವಿಮಾ ನಿಯಂತ್ರಣ ಪ್ರಾಧಿಕಾರ, ಹೈದರಾಬಾದಿನಲ್ಲಿದೆ. ಗುಂಪು ವಿಮೆ ಅಗ್ಗವೆಂದು ಕಂಡದ್ದೇ ತಡ, ವಿಮೆಗಾಗಿಯೇ ಗುಂಪು ಕಟ್ಟಿ ಸದಸ್ಯರಿಂದ ಹೆಚ್ಚು ಎತ್ತಿ ನಡುವೆ ಲಾಭ ಮಾಡುವವರು ಹುಟ್ಟಿಕೊಂಡರು. 2005ರ ಜುಲೈಯಲ್ಲಿ ಪ್ರಾಧಿಕಾರ ಇದಕ್ಕೆ ಬೇಲಿ ಹಾಕಿತು: ಗುಂಪು ಬೇರೆ ಯಾವುದೋ ನಿಜವಾದ ಸಂಬಂಧದಿಂದ ಮೊದಲೇ ಇರಬೇಕು, ವಿಮೆ ಪಡೆಯುವುದೇ ಅದರ ಮುಖ್ಯ ಉದ್ದೇಶವಾಗಿರಕೂಡದು, ಸದಸ್ಯರಿಂದ ಕಂಪನಿ ಕೇಳಿದ ಕಂತಿಗಿಂತ ಹೆಚ್ಚು ವಸೂಲು ಮಾಡಕೂಡದು. ಮಾಲೀಕ-ನೌಕರ ಸಂಬಂಧ ಇಂಥ ಸಹಜ ಗುಂಪು. 2024ರ ಮೇ 29ರ ಸುತ್ತೋಲೆಯಲ್ಲಿ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಹೊರಬೇಕು ಎಂದೂ ವಿಧಿಸಿದೆ. ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ. ಗುಂಪು ಪಾಲಿಸಿಯ ದೂರನ್ನೂ ಅವರು ತೆಗೆದುಕೊಳ್ಳುತ್ತಾರೆ. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ.

ಒಂದು ಎಚ್ಚರಿಕೆ. ಕಾರ್ಡು ಕೊಟ್ಟ ಮಾತ್ರಕ್ಕೆ ಅದು ವಿಮೆಯಲ್ಲ. ಸಂಸ್ಥೆ ತನ್ನದೇ ಹಣದಿಂದ ನಡೆಸುವ ವೈದ್ಯಕೀಯ ಯೋಜನೆಗಳಿಗೆ, ರಾಜ್ಯ ಸರ್ಕಾರಿ ನೌಕರರಿಗೆ ಬಂದಿರುವ ಆರೋಗ್ಯ ಸಂಜೀವಿನಿಯಂಥವಕ್ಕೆ ಹೈದರಾಬಾದಿನ ಪ್ರಾಧಿಕಾರವೂ ಓಂಬುಡ್ಸ್‌ಮನ್ನರೂ ಸಂಬಂಧಪಡುವುದಿಲ್ಲ. ಅವುಗಳ ದೂರು ಅವುಗಳ ಇಲಾಖೆಗೇ.

ಗುಂಪು ವಿಮೆಗೆ ಗುಂಪು ಬೇಕು, ಗುಂಪಿಗೊಬ್ಬ ಸಾವ್ಕಾರ ಬೇಕು. ಇಲ್ಲದವರ ಗತಿ? 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅದರ ಮೇಲಿದ್ದವರನ್ನೂ ಗಂಗಾವಳಿಗೆ ತಳ್ಳಿತು. ಅಲ್ಲಿ ಲಾರಿ ಚಾಲಕರಿದ್ದರು, ರಸ್ತೆಬದಿಯ ಚಹಾದಂಗಡಿಯ ಕುಟುಂಬವಿತ್ತು. ಸಂಬಳಕ್ಕೆ ದುಡಿಯುವ ಚಾಲಕನಿಗೆ ಕಾನೂನಿನ ಕಣ್ಣಿನಲ್ಲಿ ಒಬ್ಬ ಮಾಲೀಕನಿರುತ್ತಾನೆ. ದುಡಿಯುವಾಗ ಸತ್ತರೆ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ ನಡೆಯುತ್ತದೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಅದೇ ಲೆಕ್ಕ ಸೇರಿಕೊಂಡಿದೆ. ಮೂವತ್ತರ ವಯಸ್ಸು, ತಿಂಗಳಿಗೆ 15,000 ಸಂಬಳ ಎಂದರೆ ಅದರ ಅರ್ಧವನ್ನು 207.98ರಿಂದ ಗುಣಿಸಬೇಕು: 15 ಲಕ್ಷ 59 ಸಾವಿರದ 850 ರೂಪಾಯಿ. ಲಾರಿಯ ವಿಮೆಯಲ್ಲಿ ಈ ಹೊಣೆ ಕಡ್ಡಾಯವಾಗಿ ಸೇರಿರುತ್ತದೆ. ಚಹಾ ಕಾಸುತ್ತಿದ್ದವರಿಗೆ ಸಾವ್ಕಾರನೂ ಇಲ್ಲ, ಗುಂಪೂ ಇಲ್ಲ. ಅಂಥವರಿಗೆ ಉಳಿಯುವುದು ಸರ್ಕಾರದ ಪರಿಹಾರ ಮಾತ್ರ.

ಬೈತಖೋಲ ಮತ್ತು ಬೇಲೆಕೇರಿಯ ದೋಣಿಗಳದು ಇವೆರಡರ ನಡುವಿನ ಸ್ಥಿತಿ. 2020ರಲ್ಲಿ ಶುರುವಾದ ಕೇಂದ್ರದ ಮತ್ಸ್ಯ ಸಂಪದ ಯೋಜನೆ ಮೀನುಗಾರರಿಗೆ ಗುಂಪು ಅಪಘಾತ ವಿಮೆ ತಂದಿತು. ಸಾವಿಗೂ ಪೂರ್ಣ ಅಂಗವೈಕಲ್ಯಕ್ಕೂ 5 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ ಎರಡೂವರೆ ಲಕ್ಷ, ಕಂತು ಸರ್ಕಾರದ್ದು. ಊರಿನ ಮೀನುಗಾರರು ತಮ್ಮ ಸಹಕಾರಿ ಸಂಘದ ಮೂಲಕ ಪಟ್ಟಿಗೆ ಸೇರುತ್ತಾರೆ. ಆದರೆ ಇಂದು ಟ್ರಾಲರುಗಳಲ್ಲಿ ಬಲೆ ಎಳೆಯುವವರಲ್ಲಿ ಒಡಿಶಾದವರು, ಜಾರ್ಖಂಡದವರು ಬಹಳ ಜನ. ಅವರು ಇಲ್ಲಿನ ಸಂಘದ ಸದಸ್ಯರಲ್ಲ, ದೋಣಿಯ ಮಾಲೀಕರ ಹಾಜರಿ ಪುಸ್ತಕದಲ್ಲೂ ಹೆಚ್ಚಿನ ಸಲ ಇರುವುದಿಲ್ಲ. ಜೂನ್ ಒಂದಕ್ಕೆ ಮೀನುಗಾರಿಕೆ ನಿಂತಾಗ ಊರಿಗೆ ಹೋಗುತ್ತಾರೆ, ಆಗಸ್ಟಿಗೆ ಮರಳುತ್ತಾರೆ. ಈ ಸಲ ಅವರು ಮರಳಿದಾಗ ದೋಣಿಯ ಯಜಮಾನರು ಆಧಾರ್ ಕಾರ್ಡಿನ ಪ್ರತಿಯನ್ನು ಬಂದರಿನ ಪಾಸಿಗಾಗಿ ಹೇಗೂ ತೆಗೆದುಕೊಳ್ಳುತ್ತಾರೆ. ಅದೇ ಪ್ರತಿಯಿಂದ ಒಂದು ಗುಂಪು ಅಪಘಾತ ಪಾಲಿಸಿಯ ಪಟ್ಟಿಯೂ ತಯಾರಾಗಬಹುದು. ಏಳೆಂಟು ದೋಣಿಗಳವರು ಕೂಡಿ ಕೇಳಿದರೆ ಪೇಟೆಯ ವಿಮಾ ಕಚೇರಿಯವರು ದರ ಹೇಳುತ್ತಾರೆ.